ಅಂಗುಳದ ನಡುಗೆರೆ ಬೆಸೆಯುವ ಮುನ್ನ



ನಮ್ಮ ಸಾವಳಗಿ ಭಾಗದಲ್ಲಿ ಹೆಣ್ಣುಮಕ್ಕಳ ವಕ್ರ ಹಲ್ಲಿನ ಚಿಂತೆ ಹತ್ತುವುದು ಲಗ್ನದ ಮಾತು ಎದ್ದಾಗ. "ವರ ನೋಡಾಕ ಹತ್ತೇವ್ರಿ ಡಾಕ್ಟರ, ಆರು ತಿಂಗಳದಾಗ ಹಲ್ಲು ಸಾಲಿಗೆ ತರ್ರಿ" ಎನ್ನುತ್ತಾರೆ ಮನೆಯವರು. ಹುಡುಗಿಗೆ ಇಪ್ಪತ್ತು ದಾಟಿರುತ್ತದೆ. ಬಾಯಿ ತೆರೆಸಿ ನೋಡಿದರೆ ಎಷ್ಟೋ ಸಲ ತೊಂದರೆಯ ಮೂಲ ಹಲ್ಲಿನಲ್ಲಿರುವುದಿಲ್ಲ, ಮೇಲ್ದವಡೆಯೇ ಇಕ್ಕಟ್ಟಾಗಿರುತ್ತದೆ. ಎಂಟನೆಯ ವರ್ಷದಲ್ಲಿ ಒಂದು ಸಣ್ಣ ಸ್ಕ್ರೂನಿಂದ ಆಗುತ್ತಿದ್ದ ಕೆಲಸಕ್ಕೆ ಈಗ ಶಸ್ತ್ರಚಿಕಿತ್ಸೆಯ ಮಾತಾಡಬೇಕಾಗುತ್ತದೆ. ಹೆಣ್ಣುಮಕ್ಕಳ ಮೂಳೆ ಗಂಡುಮಕ್ಕಳಿಗಿಂತ ಬೇಗ ಬಲಿಯುತ್ತದೆ. ಮೊದಲು ತೋರಿಸಬೇಕಾದವರನ್ನೇ ನಾವು ಕೊನೆಗೆ ತೋರಿಸುತ್ತಿದ್ದೇವೆ. ಇವತ್ತು ಮಾತಾಡಲು ಈ ವಿಷಯ ಆರಿಸಿಕೊಂಡದ್ದು ಅದಕ್ಕಾಗಿಯೇ.

ನಾಲಗೆಯ ತುದಿಯನ್ನು ಮುಂದಿನ ಹಲ್ಲಿನ ಹಿಂದಿಟ್ಟು ಗಂಟಲಿನ ಕಡೆಗೆ ಎಳೆಯಿರಿ. ನಡುವೆ ಒಂದು ಗೆರೆ ತಾಕುತ್ತದೆ. ಮೇಲ್ದವಡೆ ಒಂದೇ ಮೂಳೆಯಲ್ಲ. ಎಡದ್ದೊಂದು, ಬಲದ್ದೊಂದು, ಎರಡೂ ಈ ಗೆರೆಯಲ್ಲಿ ಕೂಡುತ್ತವೆ. ಡೆನ್ಮಾರ್ಕಿನ ದಂತತಜ್ಞೆ ಬಿರ್ಟೆ ಮೆಲ್ಸೆನ್ ಅವರು ತೀರಿಕೊಂಡ ಮಕ್ಕಳ ಮತ್ತು ತರುಣರ ಅಂಗುಳವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 1975ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗೆರೆಯ ಬದುಕನ್ನು ತೋರಿಸಿತು. ಎಳೆ ಮಕ್ಕಳಲ್ಲಿ ಗೆರೆ ಅಗಲವಾಗಿರುತ್ತದೆ, ಮೂಳೆಯ ಅಂಚುಗಳು ಹೆಚ್ಚುಕಡಿಮೆ ನೇರವಾಗಿರುತ್ತವೆ. ಮಗು ಬೆಳೆದಂತೆ ಅಂಕುಡೊಂಕಾಗುತ್ತವೆ. ಹರೆಯ ಬಂದ ಮೇಲೆ ನಮ್ಮ ಇಳಕಲ್ ಸೀರೆಯಲ್ಲಿ ಒಡಲಿನ ನೂಲು ಸೆರಗಿನ ನೂಲಿಗೆ ಕೊಂಡಿ ಹಾಕಿಕೊಂಡಂತೆ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಹೆಣಿಗೆ ಪೂರ್ತಿ ಬಿಗಿದ ಮೇಲೆ ಎಳೆದರೆ ಬಿಡುವುದಿಲ್ಲ. ಅದಕ್ಕೆ ಮುಂಚೆ ಗೆರೆ ತೆರೆಸುವ ಯತ್ನ ಹಳೆಯದು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ದಂತವೈದ್ಯ ಎಮರ್ಸನ್ ಏಂಜೆಲ್ 1860ರಲ್ಲೇ ಹದಿನಾಲ್ಕು ದಾಟಿದ ಹುಡುಗಿಯೊಬ್ಬಳ ಬಾಯಲ್ಲಿ ಸ್ಕ್ರೂ ಕೂರಿಸಿ ಎರಡು ವಾರದಲ್ಲಿ ಅಂಗುಳ ಅಗಲಿಸಿದ್ದರು. ಮೂಳೆಯೇ ಸರಿದಿದೆ ಎಂದರೆ ಆ ಕಾಲದವರು ಒಪ್ಪಲಿಲ್ಲ. ಎಕ್ಸ್-ರೇ ಬಂದದ್ದು 1895ರಲ್ಲಿ. ಏಂಜೆಲ್ ಬಳಿ ಇದ್ದ ಸಾಕ್ಷಿ ಎಂದರೆ ಮುಂದಿನ ಎರಡು ಹಲ್ಲುಗಳ ನಡುವೆ ಬಿದ್ದ ಸಂದಿ ಮಾತ್ರ. ದಂತವೈದ್ಯ ಆಂಡ್ರ್ಯೂ ಹಾಸ್ ಅವರು 1961ರಲ್ಲಿ ಪ್ರಕಟಿಸಿದ ಕೆಲಸದ ನಂತರವೇ ಅಮೆರಿಕದಲ್ಲಿ ಈ ಚಿಕಿತ್ಸೆ ನೆಲೆ ನಿಂತಿತು. ಅಲ್ಲಿಗೆ ನೂರು ವರ್ಷ ಹೋಯಿತು. ಅಷ್ಟು ಕಾಲ ಎಷ್ಟು ಮಕ್ಕಳಿಗೆ ಇದು ತಪ್ಪಿತೋ ಎಂದು ನೆನೆದರೆ ಸಂಕಟವಾಗುತ್ತದೆ.

ಈಗ ಮಾಡುವುದು ಹೀಗೆ. ಮೇಲಿನ ದವಡೆ ಹಲ್ಲುಗಳಿಗೆ ಉಕ್ಕಿನ ಬಳೆ ಕೂರಿಸುತ್ತೇವೆ. ಅವುಗಳ ನಡುವೆ, ಅಂಗುಳದ ಕೆಳಗೆ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸುವವರು ತಾಯಿಯೇ. ಮಗುವನ್ನು ಬೆಳಕಿಗೆ ಮುಖಮಾಡಿ ಮಲಗಿಸಿ, ಪುಟ್ಟ ಕೀಲಿಯನ್ನು ಮುಂದಿನ ತೂತಿಗೆ ಹಾಕಿ ಗಂಟಲಿನ ಕಡೆಗೆ ಒತ್ತಬೇಕು. ಹೊಸ ತೂತು ಪೂರ್ತಿ ಕಂಡರೆ ಕಾಲು ಸುತ್ತು ಆಯಿತು. ಅಷ್ಟಕ್ಕೆ ಸ್ಕ್ರೂ ಸುಮಾರು 0.25 ಮಿಲಿಮೀಟರ್ ತೆರೆಯುತ್ತದೆ. ವೇಗದ ಕ್ರಮದಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು, ಎರಡು ಮೂರು ವಾರ. ಕೀಲಿಗೆ ದಾರ ಕಟ್ಟಿ ಬೆರಳಿಗೆ ಸುತ್ತಿಕೊಳ್ಳಿ, ಜಾರಿದರೆ ಗಂಟಲಿಗೆ ಹೋಗಬಾರದು. ಮೂಗಿನ ಬುಡದಲ್ಲಿ ಬಿಗಿತ, ಸ್ವಲ್ಪ ಜೊಲ್ಲು, ಮಾತು ತೊದಲುವುದು ಇವೆಲ್ಲ ಮೊದಲ ದಿನಗಳಲ್ಲಿ ಇದ್ದದ್ದೇ. ಕಬ್ಬಿನ ಸೀಮೆಯ ಮಕ್ಕಳಿಗೆ ಕಷ್ಟದ ಪಥ್ಯವೆಂದರೆ, ಕಬ್ಬು ಹಲ್ಲಿನಿಂದ ಸಿಗಿಯುವಂತಿಲ್ಲ, ಕರದಂಟು ಮುಟ್ಟುವಂತಿಲ್ಲ. ಬಳೆ ಕಿತ್ತು ಬರುತ್ತದೆ.

ಕೆಲವೇ ದಿನಗಳಲ್ಲಿ ಮುಂದಿನ ಹಲ್ಲುಗಳ ನಡುವೆ ಸಂದಿ ಬೀಳುತ್ತದೆ. ಮನೆಯವರು ಗಾಬರಿಯಾಗಿ ಓಡಿ ಬರುವುದು ಆಗಲೇ. ಗಾಬರಿ ಬೇಡ. ನಡುಗೆರೆ ತೆರೆದಿದೆ ಎಂಬುದಕ್ಕೆ ಅದೇ ಗುರುತು. ವಸಡಿನ ನಾರುಗಳ ಎಳೆತದಿಂದ ಆ ಸಂದಿ ಕೆಲವು ತಿಂಗಳಲ್ಲಿ ತಾನಾಗಿ ಮುಚ್ಚುತ್ತದೆ. ಮೂಳೆ ತೆರೆದುಕೊಳ್ಳುವುದು ಮುಂದೆ ಹೆಚ್ಚು, ಹಿಂದೆ ಕಡಿಮೆ. ಹಲ್ಲಿನ ಬಳಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಅಂಗುಳವೇ ಮೂಗಿನ ನೆಲವಾದ್ದರಿಂದ ಮೂಗಿನ ದಾರಿಯೂ ಕೊಂಚ ಅಗಲವಾಗುತ್ತದೆ. ಆದರೆ ಸ್ಕ್ರೂ ತೆರೆದಷ್ಟೂ ಮೂಳೆ ಅಗಲವಾಯಿತು ಎಂದು ತಿಳಿಯಬಾರದು. ಒಂದು ಪಾಲು ಹಲ್ಲು ಹೊರಕ್ಕೆ ವಾಲುವುದರಲ್ಲಿ ಹೋಗುತ್ತದೆ, ವಯಸ್ಸು ಏರಿದಷ್ಟೂ ಆ ಪಾಲು ಹೆಚ್ಚು. ತಿರುಗಿಸುವುದು ಮುಗಿದ ಮೇಲೂ ಸಾಧನ ಐದಾರು ತಿಂಗಳು ಬಾಯಲ್ಲೇ ಇರಬೇಕು. ತೆರೆದ ಜಾಗದಲ್ಲಿ ಹೊಸ ಮೂಳೆ ಕಟ್ಟಬೇಕಲ್ಲ! "ಹಲ್ಲು ಅಗಲ ಆತು, ತಗೀರಿ" ಎಂದು ಒತ್ತಾಯ ಮಾಡಬೇಡಿ. ತೆಗೆದರೆ ದವಡೆ ಮತ್ತೆ ಹಿಂದಕ್ಕೆ ಕೂಡುತ್ತದೆ.

ಎಲ್ಲ ಮಕ್ಕಳಿಗೂ ಇದು ಬೇಕಿಲ್ಲ. ಹಲ್ಲು ಒತ್ತಾಗಿವೆ ಎಂದ ಮಾತ್ರಕ್ಕೆ ದವಡೆ ಅಗಲಿಸುವುದು ಸರಿಯಲ್ಲ ಎಂದೇ ನನ್ನ ನಿಲುವು. ಬಾಯಲ್ಲಿ ಉಸಿರಾಡುವ, ಗೊರಕೆ ಹೊಡೆಯುವ ಮಗುವನ್ನು ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಸೀಳಂಗುಳದ ಮಕ್ಕಳಿಗೆ ಮಾತ್ರ ಇದರ ಉಪಕಾರ ದೊಡ್ಡದು. ಕೋರೆಹಲ್ಲು ಮೂಡುವ ಮೊದಲು ದವಡೆಯ ಸೀಳಿಗೆ ಸೊಂಟದ ಮೂಳೆ ತುಂಬುವಾಗ, ಹಲವರಿಗೆ ಅದಕ್ಕೆ ಮುಂಚೆ ಅಂಗುಳ ಅಗಲಿಸಲೇಬೇಕಾಗುತ್ತದೆ. ಧಾರವಾಡದ ಎಸ್‌ಡಿಎಂ ದಂತ ಮಹಾವಿದ್ಯಾಲಯ ಇಂಥ ಮಕ್ಕಳ ಚಿಕಿತ್ಸೆಗೆ ಹೆಸರಾಗಿದೆ.

ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಎರಡನೆಯ, ಮೂರನೆಯ ಇಯತ್ತೆಯ ಮಕ್ಕಳ ಬಾಯಿಯನ್ನು ತಪ್ಪದೆ ತೋರಿಸಿ. ತಾಯಂದಿರೇ, ಮನೆಯಲ್ಲಿ ನೀವೂ ನೋಡಬಹುದು. ಮಗುವಿಗೆ ಹಲ್ಲು ಕಚ್ಚಿಸಿ, ಬೆರಳಿನಿಂದ ಕೆನ್ನೆ ಸರಿಸಿ. ಮೇಲಿನ ದವಡೆ ಹಲ್ಲು ಕೆಳಗಿನದರ ಹೊರಗೆ ಕೂರಬೇಕು. ಒಳಗೆ ಕೂತಿದ್ದರೆ, ಕಚ್ಚುವಾಗ ಗದ್ದ ಒಂದು ಕಡೆಗೆ ಸರಿದರೆ, "ಎಲ್ಲಾ ಹಲ್ಲು ಬರಲಿ, ಆಮ್ಯಾಲೆ ನೋಡೂಣು" ಎನ್ನಬೇಡಿ. ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯವಿದೆ. ಏಳೆಂಟನೆಯ ವಯಸ್ಸಿನಲ್ಲೇ ಮಗುವನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ, ಹೆಣ್ಣುಮಗುವನ್ನು ಇನ್ನೂ ಮುಂಚೆ.