ಫತೇ ಮೈದಾನವೂ ನಮ್ಮ ಶಾಲೆಯ ಮೈದಾನವೂ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಪಾಠದ ಕೋಣೆಗಳ ಬಗ್ಗೆ ಹಿರಿಯರು ಬಹಳ ಚೆನ್ನಾಗಿ ಮಾತಾಡಿದರು. ನಾನು ಮೈದಾನದ ಬಗ್ಗೆ ನಾಲ್ಕು ಮಾತು ಆಡುತ್ತೇನೆ. ಅದಕ್ಕೆ ಮೊದಲು ನಿಮ್ಮನ್ನು ಹೈದರಾಬಾದಿಗೆ ಕರೆದೊಯ್ಯಬೇಕು.

ಈಗಿನ ಮಕ್ಕಳಿಗೆ ಕ್ರಿಕೆಟ್ ಅಂದರೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಆದರೆ 1956ರ ನವೆಂಬರ್ 1ರವರೆಗೆ ಕಲಬುರಗಿ ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ 1874ರಿಂದಲೇ ರೈಲು ಇತ್ತು. ನಮ್ಮ ಅಜ್ಜಂದಿರಿಗೆ ರಾಜಧಾನಿಯ ಮೈದಾನ ಎಂದರೆ ಫತೇ ಮೈದಾನ.

1687ರಲ್ಲಿ ಔರಂಗಜೇಬನ ಸೈನ್ಯ ಗೋಲ್ಕೊಂಡಾಕ್ಕೆ ಮುತ್ತಿಗೆ ಹಾಕಿದಾಗ ಬಿಡಾರ ಹೂಡಿದ ಬಯಲು ಅದು. ಗೆದ್ದ ಮೇಲೆ ಫತೇ, ಅಂದರೆ ವಿಜಯ, ಎಂಬ ಹೆಸರು ಬಂತೆಂದು ಹೇಳುತ್ತಾರೆ. ನಿಜಾಮರ ಕಾಲದಲ್ಲಿ ಅಲ್ಲಿ ಪೋಲೊ ಆಡುತ್ತಿದ್ದರು. 1955ರ ನವೆಂಬರಿನಲ್ಲಿ ಅಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆಯಿತು. ನ್ಯೂಜಿಲೆಂಡ್ ವಿರುದ್ಧ ಪಾಲಿ ಉಮ್ರಿಗರ್ 223 ರನ್ ಹೊಡೆದರು. ಟೆಸ್ಟ್‌ನಲ್ಲಿ ಭಾರತೀಯರೊಬ್ಬರ ಮೊದಲ ದ್ವಿಶತಕ ಅದು. ಹೊಡೆದದ್ದು ಆಗ ನಮ್ಮದೇ ಆಗಿದ್ದ ರಾಜ್ಯದಲ್ಲಿ. ಮುಂದಿನ ವರ್ಷ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು.

ಆ ಮೈದಾನಕ್ಕೆ 1967ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರಿಟ್ಟರು. ಅಲ್ಲಿ ನಡೆದ ಟೆಸ್ಟ್ ಮೂರೇ. 1955, 1969, 1988. ಮೂರರಲ್ಲೂ ಎದುರಾಳಿ ನ್ಯೂಜಿಲೆಂಡ್. ನನ್ನ ವಯಸ್ಸಿನವರಿಗೆ ನೆನಪಿರುವುದು 1999ರ ಏಕದಿನ ಪಂದ್ಯ. ಸಚಿನ್ ಅಜೇಯ 186, ನಮ್ಮ ದ್ರಾವಿಡ್ 153, ಇಬ್ಬರೂ ಸೇರಿ 331. ಆಗ ಅದು ವಿಶ್ವದಾಖಲೆ.

2005ರಲ್ಲಿ ದೊಡ್ಡ ಪಂದ್ಯಗಳು ಉಪ್ಪಲ್‌ನ ಹೊಸ ಕ್ರೀಡಾಂಗಣಕ್ಕೆ ಹೋದವು. ಆದರೂ ಹಳೆಯ ಮೈದಾನಕ್ಕೆ ಬೀಗ ಬೀಳಲಿಲ್ಲ. 2023ರಲ್ಲಿ ತೆಲಂಗಾಣದ ಮುಖ್ಯಮಂತ್ರಿ ಪ್ರಮಾಣವಚನ ಪಡೆದದ್ದೂ ಅಲ್ಲೇ. ಸೈನ್ಯ ಹೋಯಿತು, ಪೋಲೊ ಹೋಯಿತು, ಟೆಸ್ಟೂ ಹೋಯಿತು. ಸುತ್ತ ಗ್ಯಾಲರಿ ಎದ್ದರೂ ನಡುವಿನ ಬಯಲು ಬಯಲಾಗಿಯೇ ಉಳಿದದ್ದರಿಂದ ಪ್ರತಿ ಕಾಲಕ್ಕೂ ಅದು ಕೆಲಸಕ್ಕೆ ಬಂತು.

ಈಗ ನಮ್ಮ ಮೈದಾನಕ್ಕೆ ಬರೋಣ. ರಾಜ್ಯ ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲಿ ಕಲಬುರಗಿ ರಾಯಚೂರು ವಲಯಕ್ಕೆ ಸೇರುತ್ತದೆ. ಗಂಜಿನಲ್ಲಿ ತೊಗರಿ ಮೂಟೆ ಹೊರುವ ಹಮಾಲರ ಮಗ ವಲಯದ ಆಯ್ಕೆಗೆ ಹೋಗಬೇಕಾದರೆ ಮೊದಲು ಎಲ್ಲಾದರೂ ಆಡಿ ಕಲಿಯಬೇಕಲ್ಲ? ಅಕಾಡೆಮಿಯ ಫೀಸು ಅವನಪ್ಪನ ಕೈಗೆ ಎಟುಕುವುದಿಲ್ಲ. ಹೆಣ್ಣುಮಕ್ಕಳ ಮಾತೂ ಅಷ್ಟೇ. ನೆರೆಯ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ಅದೇ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತರು. ನಮ್ಮ ಭಾಗದ ಹುಡುಗಿಯರಿಗೆ ಕೈ ಇದೆ, ಬೇಕಾದದ್ದು ಜಾಗ.

ಮಕ್ಕಳು ಹೆಚ್ಚಾದಾಗ ಕೋಣೆ ಬೇಕು, ಒಪ್ಪುತ್ತೇನೆ. ಆದರೆ ಕೋಣೆ ಬೇಕಾದಾಗಲೆಲ್ಲ ಎಲ್ಲರ ಕಣ್ಣು ಮೊದಲು ಬೀಳುವುದು ಮೈದಾನದ ಮೇಲೆ. ಎಸ್‌ಡಿಎಂಸಿಯ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೇ: ಇನ್ನು ಮುಂದೆ ಕೋಣೆ ಕಟ್ಟುವುದಾದರೆ ಮಾಳಿಗೆಯ ಮೇಲೆ ಕಟ್ಟಿಸಿ. ಮೈದಾನದ ಅಳತೆ ಮಾಡಿಸಿ, ನಕ್ಷೆಯನ್ನು ಶಾಲೆಯ ದಾಖಲೆಯಲ್ಲಿ ಸೇರಿಸಿ. ಸಂಜೆ ಗೇಟು ತೆರೆದಿಡಿ. ಮ್ಯಾಟು, ರೋಲರ್, ಬ್ಯಾಟು ಹಳೆಯ ವಿದ್ಯಾರ್ಥಿಗಳಾದ ನಾವು ಕೊಡುತ್ತೇವೆ. ದುಡ್ಡು ಕೂಡಿಸಿ ಕೋಣೆ ಯಾವಾಗ ಬೇಕಾದರೂ ಕಟ್ಟಬಹುದು. ಹೋದ ಬಯಲನ್ನು ಕೊಂಡುತರಲು ಗಂಜಿನ ಯಾವ ಅಡತಿ ಅಂಗಡಿಯಲ್ಲೂ ಸಿಗುವುದಿಲ್ಲ.

 ಜೈ ಹಿಂದ್, ಜೈ ಕರ್ನಾಟಕ.