ಲಾಡ್ಜು ಹಿಡಿಯುವ ಗೆಳೆಯರಿಗೆ ಎರಡು ಮಾತು

(ಡೊಂಬಿವಲಿಯ ಸಭೆಯಲ್ಲಿ ಮಾಡಿದ ಭಾಷಣ)



ಮೇಜು ಒರೆಸಿ, ಕಪ್ಪುಬಸಿ ತೊಳೆದು ಬೆಳೆದ ನಮ್ಮಲ್ಲಿ ಕೆಲವರು ಈಗ ಕಲ್ಯಾಣ ಸ್ಟೇಶನ್ನಿನ ಬಳಿಯೋ ವಾಶಿ ಮಾರುಕಟ್ಟೆಯ ಬದಿಗೋ ಎಂಟು ಖೋಲಿಗಳ ಲಾಡ್ಜನ್ನು 'ಕಂಡಕ್ಟ್' ಮೇಲೆ ಹಿಡಿಯಲು ಹೊರಟಿದ್ದೀರಿ. ಸಂತೋಷ. ಆದರೆ ಲಾಯಸೆನ್ಸು ಇನ್ನೊಬ್ಬರ ಹೆಸರಿನಲ್ಲಿ, ಡಿಪಾಸಿಟ್ಟು ಮಾತ್ರ ನಿಮ್ಮ ಹೆಂಡತಿಯ ಒಡವೆಯದು! 1999ರ ಬಾಡಿಗೆ ಕಾಯಿದೆಯ 55ನೆಯ ಕಲಮಿನಂತೆ ಜಾಗದ ಕರಾರು ಲಿಖಿತವಾಗಿ ನೋಂದಣಿಯಾಗಬೇಕು. ಅದನ್ನು ಮಾಡಿಸುವ ಹೊಣೆ ಜಾಗದ ಮಾಲಿಕನದು. ಬಾಯಿಮಾತಿಗೆ ಹಣ ಕೊಡಬೇಡಿ.

ಇನ್ನೊಂದು ಮಾತು. ಠಾಣೆಯ ಒಂದು ಲಾಡ್ಜಿನಲ್ಲಿ ನಾನು ಮೂರು ವರ್ಷ ರೂಮ್‌ಬಾಯ್ ಆಗಿದ್ದೆ. ಮೆಟ್ಟಿಲಿನ ಕೆಳಗೆ ಮಲಗುತ್ತಿದ್ದೆ. ರಾತ್ರಿ ಎರಡು ಗಂಟೆಗೆ ರೈಲು ತಪ್ಪಿಸಿಕೊಂಡವರು ಬಂದರೆ ಏಳಬೇಕು, ನಾಲ್ಕಕ್ಕೆ ಬಿಸಿನೀರು ಹೊರಬೇಕು. ನಮ್ಮ ಸೇಠರೂ ಒಂದು ಕಾಲಕ್ಕೆ ಅದೇ ಮೆಟ್ಟಿಲಿನ ಕೆಳಗೆ ಮಲಗಿದವರೇ. ಅದನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಚಾಪೆ ಮಾತ್ರ ಬದಲಿಸಲಿಲ್ಲ.

1948ರ ಅಂಗಡಿ ಕಾಯಿದೆ ಒಬ್ಬನೇ ಹುಡುಗನಿದ್ದ ಹೋಟೆಲಿಗೂ ತಗಲುತ್ತಿತ್ತು. 2017ರ ಹೊಸ ಕಾಯಿದೆ ಬಂದಾಗ ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದಲ್ಲಿ ಅದರ ಕೆಲಸದ ಗಂಟೆ, ವಾರದ ರಜೆಯ ಕಲಮುಗಳು ಅನ್ವಯಿಸದಂತಾಯಿತು. ನಿಮ್ಮ ಲಾಡ್ಜಿನಲ್ಲಿ ಐದೇ ಹುಡುಗರು. ಅಂದರೆ ಅವರ ರಜೆ ನಿಮ್ಮ ಕೈಯಲ್ಲಿದೆ.

ಆದುದರಿಂದ ಆದಾಯದ ಲೆಕ್ಕ ಹಾಕುವಾಗ ಎಂಟು ಖೋಲಿಯೆಂದು ಹಾಕಬೇಡಿ, ಏಳೆಂದು ಹಾಕಿ. ಎಂಟನೆಯದು ಹುಡುಗರದು. ಅಷ್ಟರಲ್ಲಿ ಬಾಡಿಗೆ ಹುಟ್ಟದಿದ್ದರೆ ಆ ಲಾಡ್ಜು ನಿಮಗೆ ಬೇಡ. ಮರಾಠಿ ಕರಾರು ಓದಲು ಬಾರದವರು ಸಹಿಗೆ ಮೊದಲು ಕಾಗದವನ್ನು ನಮ್ಮ ಕಚೇರಿಗೆ ತನ್ನಿ. ಭಾನುವಾರ ಸಂಜೆ ಓದಿ ಹೇಳುವವರಿರುತ್ತಾರೆ.