ಗಣಕಯಂತ್ರ ಕೊಟ್ಟ ತೀರ್ಪು



ರಾಕಿ ಮಾರ್ಸಿಯಾನೊ ಮತ್ತು ಮಹಮ್ಮದ್ ಅಲಿ ಇಬ್ಬರೂ ಹೆವಿವೇಟ್ ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್ನರು. ಆದರೆ ಕಾಲ ಬೇರೆ. ಆಡಿದ 49 ಪಂದ್ಯಗಳನ್ನೂ ಗೆದ್ದು ಮಾರ್ಸಿಯಾನೊ 1956ರಲ್ಲಿ ನಿವೃತ್ತರಾದಾಗ ಅಲಿ 14ರ ಹುಡುಗ. ಇಬ್ಬರೂ ಸೆಣಸಿದ್ದರೆ ಗೆಲುವು ಯಾರದು?

ಇಂಥ ಪ್ರಶ್ನೆಗಳನ್ನು ಅಮೆರಿಕದ ರೇಡಿಯೊ ನಿರ್ಮಾಪಕ ಮರ್ರೆ ವೊರೋನರ್ ಗಣಕಯಂತ್ರದ ಮುಂದಿಟ್ಟರು. 1967ರ ಅವರ ಕಾಲ್ಪನಿಕ ಪಂದ್ಯಾವಳಿಯಲ್ಲಿ ಅಲಿ, ಹಳೆಯ ಕಾಲದ ಜಿಮ್ ಜೆಫ್ರೀಸ್‌ಗೆ ಸೋತರು. ಕೆರಳಿದ ಅಲಿ ಮಾನನಷ್ಟ ಮೊಕದ್ದಮೆ ಹೂಡಿದರು. ಕೊನೆಗೆ ರಾಜಿಯಾಗಿ, ಮಾರ್ಸಿಯಾನೊ ಜೊತೆ ಕ್ಯಾಮೆರಾದ ಮುಂದೆ ಸೆಣಸಲು ಒಪ್ಪಿದರು.

1969ರಲ್ಲಿ ಮಯಾಮಿಯಲ್ಲಿ ಚಿತ್ರೀಕರಣ ನಡೆಯಿತು. 45ರ ಮಾರ್ಸಿಯಾನೊ ಮೈ ಕರಗಿಸಿ, ವಿಗ್ ಧರಿಸಿ ಬಂದರು. ಅಲಿ 27ರ ತರುಣ. ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರಲು ನಿರಾಕರಿಸಿದ್ದಕ್ಕಾಗಿ ಕಣದಿಂದ ಹೊರಗಿದ್ದರು. ಹಲವು ಬಗೆಯ ಮುಕ್ತಾಯಗಳನ್ನು ಚಿತ್ರೀಕರಿಸಿಕೊಳ್ಳಲಾಯಿತು. ಫಲಿತಾಂಶ ತಿಳಿಯುವ ಮೊದಲೇ, ಆಗಸ್ಟ್ 31ರಂದು ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ಮಡಿದರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳ ಪರದೆಯ ಮೇಲೆ, 13ನೇ ಸುತ್ತಿನಲ್ಲಿ ಅಲಿ ನೆಲಕ್ಕುರುಳಿದರು.

ಯಂತ್ರದ ಬಳಿ ಇದ್ದದ್ದು ಹಳೆಯ ದಾಖಲೆಗಳು ಮತ್ತು ತಜ್ಞರು ಹಾಕಿದ ಅಂಕಗಳು, ಅಷ್ಟೇ. ಅಲಿ ನಿಜವಾದ ಕಣಕ್ಕೆ ಮರಳಿದ್ದು 1970ರ ಅಕ್ಟೋಬರಿನಲ್ಲಿ. ಕಳೆದುಹೋದ ಮೂರೂವರೆ ವರ್ಷಗಳು ಅವರ ಮೈಯಲ್ಲಿ ಕಸುವು ತುಂಬಿದ್ದ ಕಾಲ. ಆಗ ಅವರು ಹೇಗೆ ಆಡುತ್ತಿದ್ದರೆಂದು ಯಾವ ಯಂತ್ರವೂ ಹೇಳಲಾರದು.